ಮಗಳು ಕೇಳಿದ ಮೂರೂವರೆ ಎಕರೆಯ ಪ್ರಶ್ನೆ

ತುಂಗಾತೀರ (ಶಿವಮೊಗ್ಗ)

ನನ್ನ ಮಗಳಿಗೆ ಹದಿನೇಳು. ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. ಸಿ.ಎ. ಮುಗಿಸಬೇಕು, ಮೂವತ್ತು ತುಂಬುವುದರೊಳಗೆ ಸ್ವಂತ ಕಚೇರಿ ತೆರೆಯಬೇಕು ಎಂದು ಗೋಡೆಗೆ ವೇಳಾಪಟ್ಟಿ ಅಂಟಿಸಿಕೊಂಡು ಓದುವ ಹುಡುಗಿ. ಆ ಛಲದ ಬಗ್ಗೆ ನನಗೆ ಹೆಮ್ಮೆಯಿದೆ. ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಾನು, ನನ್ನ ಗಂಡ ಬೇರೆ ಬೇರೆ ಜಾತಿಯವರು, ಪುರೋಹಿತರಿಲ್ಲದೆ ಮಂತ್ರ ಮಾಂಗಲ್ಯದಲ್ಲಿ ಮದುವೆಯಾದವರು. ನಾನು ತಾಳಿ ಹಾಕಿಕೊಳ್ಳುವುದಿಲ್ಲ. ಮನೆಯಲ್ಲಿ ದೇವರ ಕೋಣೆ ಇಲ್ಲ. ನನ್ನ ಮಾವ ಹತ್ತೊಂಬತ್ತನೇ ವಯಸ್ಸಿನಲ್ಲಿ, 1951ರ ಕಾಗೋಡು ರೈತ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ ಬಂದವರು. ತಿಂಗಳಿಗೊಂದು ಭಾನುವಾರ ಸ್ನೇಹಿತರು ನಮ್ಮ ಮನೆಯಲ್ಲಿ ಸೇರಿ ಓದುತ್ತೇವೆ, ವಾದ ಮಾಡುತ್ತೇವೆ. ಮಗಳು ಆ ಚಾಪೆಯ ಮೇಲೆಯೇ ನಿದ್ದೆ ಹೋಗಿ ಬೆಳೆದವಳು.

ಒಂದೂವರೆ ವರ್ಷದಿಂದ ಅವಳು ಬೆಳಗಿನ ಐದಕ್ಕೆ ಎದ್ದು, ನನ್ನ ತಾಯಿಯ ಹಳೆಯ ಹಿತ್ತಾಳೆ ದೀಪ ಹಚ್ಚಿ, ಆಮೇಲೆ ಲೆಕ್ಕಪತ್ರದ ಪುಸ್ತಕ ತೆರೆಯುತ್ತಾಳೆ. ಏಕಾದಶಿಗೆ ಉಪವಾಸ. ಸರ್ಕಾರ ಜನರ ಬದುಕಿನಲ್ಲಿ ಆದಷ್ಟು ಕಡಿಮೆ ಕೈ ಹಾಕಬೇಕು ಎನ್ನುತ್ತಾಳೆ. ವಯಸ್ಸಿನ ಹುರುಪು ಎಂದು ಸುಮ್ಮನಿದ್ದೆ.

ಹೋದ ಭಾನುವಾರ ಭೂಸುಧಾರಣೆಯ ಮಾತು ಬಂತು. ಚಹಾದ ಲೋಟಗಳನ್ನು ತಂದಿಟ್ಟು ಅವಳು ಅಲ್ಲೇ ನಿಂತಳು. "ನನ್ನ ಅಜ್ಜಿಯ ತಾಯಿ 1960ರಲ್ಲಿ ಗಂಡನನ್ನು ಕಳೆದುಕೊಂಡರು. ಮೂರು ಮಕ್ಕಳು, ಮೂರೂವರೆ ಎಕರೆ ಗದ್ದೆ. ವಿಧವೆ ನೇಗಿಲು ಹಿಡಿಯುವ ಕಾಲವಲ್ಲ, ಗೇಣಿಗೆ ಕೊಟ್ಟರು. ಉಳುವವನೇ ಒಡೆಯ ಎಂಬ ಭೂಸುಧಾರಣೆ ಬಂದು ಗದ್ದೆ ಹೋಯಿತು. ಆಮೇಲೆ ಹಪ್ಪಳ ಸಂಡಿಗೆ ಮಾಡಿ ಮಕ್ಕಳನ್ನು ಸಾಕಿದರು. ಅವರು ಜಮೀನ್ದಾರರೇ? ನೀವೆಲ್ಲ 2006ರ ಏಪ್ರಿಲ್‌ಗೆ ಮೊದಲು ಸರ್ಕಾರಿ ನೌಕರಿಗೆ ಸೇರಿದವರು, ಹಳೆಯ ಪಿಂಚಣಿ ಇರುವವರು, ಕೆಲವರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೀರಿ. ವಾಸವಿರುವವನೇ ಮನೆಯ ಒಡೆಯ ಎಂದು ನಾಳೆ ಕಾನೂನು ಬಂದರೆ ಒಪ್ಪುತ್ತೀರಾ?" ಎಂದು ಕೇಳಿದಳು.

ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬರು "ಇದನ್ನೆಲ್ಲ ನಿನ್ನ ತಲೆಗೆ ಯಾರಮ್ಮ ತುಂಬಿದರು?" ಎಂದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕುಳಿತಿಲ್ಲ. ನಾವು ಎಲ್ಲಿ ತಪ್ಪಿದೆವು?

ಶಿರಸಿಯ ತೋಟಿಗ

ಅಕ್ಕಾ, ಮಗಳು ಅಷ್ಟು ಜನ ಹಿರಿಯರ ಮುಂದೆ ನಿಂತು ವರ್ಷ, ಎಕರೆ ಹೇಳಿ ಪ್ರಶ್ನೆ ಕೇಳಿದ್ದಾಳೆ. ನೀವು "ಎಲ್ಲಿ ತಪ್ಪಿದೆವು" ಎಂದು ಕೇಳುತ್ತಿದ್ದೀರಿ. ಅವಳು ಅದೇ ಧೈರ್ಯದಿಂದ ನಿಮ್ಮ ಪರವಾಗಿ ಮಾತನಾಡಿದ್ದರೆ ಹೀಗೆ ಕೇಳುತ್ತಿದ್ದಿರಾ?

ಗೇಣಿದಾರರು ಗದ್ದೆಯ ಹಕ್ಕು ಕೇಳಿ ಡಿಕ್ಲರೇಷನ್ ಹಾಕಿದ ಮೇಲೆ ಬರಿಗೈಯಾದ ಒಡೆಯರ ಮನೆಗಳನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿದ್ದೇನೆ. ನೂರಾರು ಎಕರೆಯ ಒಡೆಯರ ಮಾತಲ್ಲ. ಅಡುಗೆಗೆ, ಪರಿಚಾರಿಕೆಗೆ ಹೋಗಿ ಬದುಕುತ್ತ ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದವರೂ ಇದ್ದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ವಿಧವೆಯ ಗದ್ದೆಗೂ ದೊಡ್ಡ ಒಡೆಯನ ಗದ್ದೆಗೂ ಭೇದ ಮಾಡಲಿಲ್ಲ. ಆ ನೋವು ಐವತ್ತು ವರ್ಷಗಳಿಂದ ಅಡುಗೆಮನೆಯಲ್ಲೇ ಉಳಿದಿದೆ. ನಿಮ್ಮ ಮಗಳು ಅದನ್ನು ಜಗಲಿಗೆ ತಂದಳು, ಅಷ್ಟೇ.

ಗೇಣಿದಾರನ ಮೊಮ್ಮಗ

ನಾನು ಸಾಗರ ತಾಲ್ಲೂಕಿನವನು, ಈಗ ಪುಣೆಯಲ್ಲಿ ಕೆಲಸ. ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಆದರೆ ಬಾಡಿಗೆ ಮನೆಯ ಹೋಲಿಕೆಯನ್ನು ಓದಿ ಎದೆ ಉರಿಯಿತು.

ಬಾಡಿಗೆಗೆ ಬರುವವನು ಕಟ್ಟಿದ ಮನೆಗೆ ಬರುತ್ತಾನೆ. ನನ್ನ ತಾತನ ಅಪ್ಪ ಬಂದದ್ದು ಮುಳ್ಳುಕಂಟಿಯ ಜಾಗಕ್ಕೆ. ಕಂಟಿ ಕಡಿದು, ಅಂಚು ಕಟ್ಟಿ, ನೀರು ತಿರುಗಿಸಿ ಗದ್ದೆ ಮಾಡಿದ್ದು ಅವರು. ಗೇಣಿ ಅಳೆಯುವ ಕೊಳಗ ಒಡೆಯರ ಮನೆಯದು, ಅಳೆಯುವ ಕೈಯೂ ಅವರದೇ. ಕಾಗೋಡಿನಲ್ಲಿ ರೈತರು ಎದ್ದು ನಿಂತದ್ದಕ್ಕೆ ಆ ಕೊಳಗದ ಅಳತೆಯೇ ಕಾರಣ ಎಂಬುದು ಮೇಡಂ ಅವರ ಮನೆಯವರಿಗೆ ನಾನು ಹೇಳಬೇಕಿಲ್ಲ. ಗೇಣಿ ಬಾಕಿ ಬಿದ್ದರೆ ಬಿಟ್ಟಿ ದುಡಿಮೆ. ನಾವು ವಾಸವಿದ್ದ ಗುಡಿಸಲೂ ಒಡೆಯರ ಜಾಗದಲ್ಲಿಯೇ ಇತ್ತು. ಎದುರು ಮಾತನಾಡಿದರೆ ಗದ್ದೆ, ಗುಡಿಸಲು ಎರಡೂ ಹೋಗುತ್ತಿದ್ದವು.

ಗದ್ದೆಯ ಹಕ್ಕು ಕೇಳುವ ಅರ್ಜಿಯಾದ ನಮೂನೆ 7ನ್ನು ತಾತನಿಗೆ ತುಂಬಿಕೊಟ್ಟವರು ಊರಿನ ಶಾಲೆಯ ಮೇಷ್ಟ್ರು. ತಾತ ಹೆಬ್ಬೆಟ್ಟು ಒತ್ತಿದರು. ಆ ವರ್ಷದಿಂದ ಕೊಯ್ದ ಭತ್ತ ನಮ್ಮ ಕಣಜದಲ್ಲೇ ಉಳಿಯಿತು, ಅಪ್ಪ ಶಾಲೆ ಬಿಡಬೇಕಾಗಲಿಲ್ಲ. ನಾನು ಇಂಜಿನಿಯರ್ ಆದದ್ದರ ಬೇರು ಅಲ್ಲಿದೆ. ಹಪ್ಪಳ ಮಾಡಿ ಮಕ್ಕಳನ್ನು ಸಾಕಿದ ಆ ತಾಯಿಯ ಕಷ್ಟ ನಿಜ. ನನ್ನ ತಾತನ ಹಸಿವೂ ನಿಜ.

ಶಿರಸಿಯ ತೋಟಿಗ

ತಮ್ಮಾ, ನಿಮ್ಮ ತಾತನ ಹಸಿವನ್ನು ಇಲ್ಲವೆನ್ನುವಷ್ಟು ನಾನು ಕಲ್ಲಲ್ಲ. ಆದರೆ ಗದ್ದೆ ಸಿಕ್ಕಿದವರ ಕತೆಯನ್ನು ಹೇಳಿದ್ದೇವೆ, ಹಾಡಿದ್ದೇವೆ. ಹೋದವರಲ್ಲಿ ಸಣ್ಣವರೂ ಇದ್ದರು ಎಂದರೆ "ಯಾರು ತುಂಬಿದರು" ಎಂಬ ಪ್ರಶ್ನೆ ಬರುತ್ತದೆ. ನನ್ನ ತಕರಾರು ಅಷ್ಟೇ.

ಕೊಡಚಾದ್ರಿ

ಆ ಮಾತು ಆಡಿದವನು ನಾನು. ಹೆಸರು ಹೇಳದೆ ಬಿಟ್ಟದ್ದು ತುಂಗಾತೀರ ಅವರ ದೊಡ್ಡತನ.

ಆ ಹುಡುಗಿ ಅಂಬೆಗಾಲಿಡುತ್ತಿದ್ದಾಗಿನಿಂದ ನಾನು ಆ ಮನೆಗೆ ಹೋಗುತ್ತಿದ್ದೇನೆ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೆ, ಅಂದು ರಾತ್ರಿ ನಿದ್ದೆ ಬರಲಿಲ್ಲ. ಅವಳಿಗೆ ಉತ್ತರ ಕೊಡಬೇಕಿತ್ತು, ಕೊಡದೆ ಅವಳ ಬುದ್ಧಿಯನ್ನೇ ಅನುಮಾನಿಸಿದೆ. ಅದು ತಪ್ಪು.

ಆದರೆ ನನ್ನ ಆತಂಕ ಸುಳ್ಳಲ್ಲ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಈಚಿನ ವರ್ಷಗಳಲ್ಲಿ ಮೊಬೈಲಿನ ಎರಡು ನಿಮಿಷದ ವಿಡಿಯೋಗಳನ್ನು ಕಂಠಪಾಠ ಮಾಡಿ ಬಂದು ತರಗತಿಯಲ್ಲಿ ಒಪ್ಪಿಸುವ ಮಕ್ಕಳನ್ನು ಕಂಡಿದ್ದೇನೆ. ಭೂಸುಧಾರಣೆ, ಮೀಸಲಾತಿ, ಶಕ್ತಿ ಯೋಜನೆಯ ಬಸ್ಸು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾರೆ. ಬೈಯುವ ಮಾತುಗಳೂ ಎಲ್ಲರದೂ ಒಂದೇ. ಇವಳೂ ಹಾಗಾಗುತ್ತಿದ್ದಾಳೆಯೇ ಎಂದು ಹೆದರಿದೆ.

ಲೆಕ್ಕಪತ್ರ (ಹುಬ್ಬಳ್ಳಿ)

ಸರ್, ವಿಡಿಯೋ ನೋಡಿ ಒಪ್ಪಿಸುವವರಿಗೆ ಅಜ್ಜಿಯ ತಾಯಿಯ ಮೂರೂವರೆ ಎಕರೆ ಗೊತ್ತಿರುವುದಿಲ್ಲ. ಅವಳು ಮನೆಯ ಲೆಕ್ಕ ತೆಗೆದು ತೋರಿಸಿದ್ದಾಳೆ.

ನಾನು ಲೆಕ್ಕಪರಿಶೋಧಕಿ, ಹನ್ನೆರಡು ವರ್ಷಗಳಿಂದ ಸ್ವಂತ ಕಚೇರಿ ನಡೆಸುತ್ತಿದ್ದೇನೆ. ಆ ಹುಡುಗಿಯ ಕನಸಿನ ಬಗ್ಗೆ ಇಲ್ಲಿ ಯಾರೂ ಮಾತನಾಡದಿರುವುದು ನನಗೆ ಬೇಸರ ತಂದಿತು. ಫೌಂಡೇಶನ್, ಇಂಟರ್‌ಮೀಡಿಯೆಟ್ ಪರೀಕ್ಷೆಗಳು, ಆಮೇಲೆ ಆರ್ಟಿಕಲ್‌ಶಿಪ್ ಎಂಬ ಕೆಲಸದ ತರಬೇತಿ, ಕೊನೆಗೆ ಫೈನಲ್. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಆದರೂ ಸುಲಭವಲ್ಲ. ಲೆಕ್ಕ ತೆಗೆಯುವ ತಿಂಗಳುಗಳಲ್ಲಿ ರಾತ್ರಿ ಹತ್ತಕ್ಕೆ ಮನೆ ಸೇರಿದ್ದೇನೆ, ಲೆಕ್ಕ ತಪಾಸಣೆಗೆಂದು ಪರಊರುಗಳಲ್ಲಿ ವಾರಗಟ್ಟಲೆ ಇದ್ದೇನೆ. ನನ್ನ ಮನೆಯವರು ಸಂಪ್ರದಾಯಸ್ಥರು, ನಾನೂ ಹೌದು, ಶ್ರಾವಣದ ವ್ರತ ಬಿಟ್ಟವಳಲ್ಲ. ಆದರೂ ಮದುವೆಗೆ ಬಂದ ಮೂರು ಸಂಬಂಧಗಳು "ಹುಡುಗಿ ಊರೂರು ತಿರುಗುತ್ತಾಳೆ" ಎಂಬ ಮಾತಿಗೇ ಮುರಿದವು. ನನ್ನ ಕೆಲಸಕ್ಕೆ ಅಡ್ಡ ಬಂದದ್ದು ಸರ್ಕಾರಕ್ಕಿಂತ ಹೆಚ್ಚಾಗಿ ನಾನು ಪ್ರೀತಿಸುವ ನನ್ನ ಜನವೇ. ಇದನ್ನು ಆ ಮಗುವಿಗೆ ಯಾರಾದರೂ ಈಗಲೇ ಹೇಳಬೇಕು. ನಂಬಿಕೆ ಬಿಡು ಎಂದಲ್ಲ. ಎರಡನ್ನೂ ಹೊತ್ತು ನಡೆಯುವ ದಾರಿ ಎಷ್ಟು ಏರು ಎಂಬುದು ಅವಳಿಗೆ ಮೊದಲೇ ತಿಳಿದಿರಲಿ.

ಹೊಸ್ತಿಲು ದಾಟಿದವಳು

ಈ ಚರ್ಚೆ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದಿಲ್ಲ. ನಾನು ಹುಟ್ಟಿದ್ದು ಕಟ್ಟಾ ಮಡಿವಂತ ಮನೆಯಲ್ಲಿ. ಹದಿನೇಳರಲ್ಲಿ ನಾನೂ ಹೀಗೆಯೇ ನಿಂತು, ಮುಟ್ಟಾದಾಗ ಹೊರಗೆ ಕೂರುವುದಿಲ್ಲ ಎಂದೆ. ಕೆನ್ನೆಗೆ ಏಟು ಬಿತ್ತು, ಎರಡು ತಿಂಗಳು ಕಾಲೇಜು ಬಿಡಿಸಿದರು. ನನ್ನ ಅಮ್ಮ "ನಾವು ಎಲ್ಲಿ ತಪ್ಪಿದೆವು" ಎಂದು ಹತ್ತು ಜನರಲ್ಲಿ ಕೇಳಲಿಲ್ಲ. ತಪ್ಪು ನನ್ನದೇ ಎಂಬುದು ಮೊದಲೇ ತೀರ್ಮಾನವಾಗಿತ್ತು.

ಆ ಹುಡುಗಿಗೆ ಒಂದು ವಿಷಯ ತಿಳಿದಿರಲಿ. ಗಂಡ 1960ರಲ್ಲಿ ತೀರಿಕೊಂಡಾಗ ಮುತ್ತಜ್ಜಿ ಆ ಗದ್ದೆಗೆ ಮಕ್ಕಳ ಜೊತೆ ಪೂರ್ಣ ಹಕ್ಕಿನಿಂದ ವಾರಸುದಾರಳಾದದ್ದು ಹೇಗೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ. ಈ ಕಾಯ್ದೆಯ ಮೂಲವಾದ ಹಿಂದೂ ಸಂಹಿತೆಯ ಮಸೂದೆಗೆ ಸಂಪ್ರದಾಯವಾದಿಗಳು ವರ್ಷಗಟ್ಟಲೆ ಅಡ್ಡ ನಿಂತರು. ಮುಖ್ಯವಾಗಿ ಅದು ಮುಂದೆ ಸಾಗದ ಕಾರಣಕ್ಕೆ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಹಳೆಯ ಪದ್ಧತಿಯೇ ಉಳಿದಿದ್ದರೆ ವಿಧವೆಗೆ ಇದ್ದದ್ದು ಬದುಕಿರುವಷ್ಟು ಕಾಲದ ಅನುಭೋಗ ಮಾತ್ರ. ಅದಕ್ಕೂ ಮೈದುನಂದಿರ ಮುಖ ನೋಡಬೇಕಿತ್ತು. ಹೆಣ್ಣುಮಗಳಿಗೆ ತವರಿನ ಆಸ್ತಿಯಲ್ಲಿ ಸಿಗುತ್ತಿದ್ದದ್ದು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಬಂತು. ಅವಳ ಪ್ರಶ್ನೆಗೆ ಆಧಾರವಾದ ಆ ಹಕ್ಕನ್ನು ಕೊಟ್ಟವರು ಸುಧಾರಕರು, ಅದೂ ಸರ್ಕಾರ ಮನೆಯೊಳಗೆ ಕೈ ಹಾಕಿಯೇ.

ಶಿರಸಿಯ ತೋಟಿಗ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ತಂಗೀ. 1956 ಕೊಟ್ಟದ್ದನ್ನು 1974 ಕಿತ್ತುಕೊಂಡಿತು ಎಂದಷ್ಟೇ ಹೇಳಬಲ್ಲೆ.

ಹೊಸ್ತಿಲು ದಾಟಿದವಳು

ಅದನ್ನು ಒಪ್ಪುತ್ತೇನೆ. ಭೂಸುಧಾರಣೆಯನ್ನು ಯೋಚಿಸಿದವರ ಕಣ್ಣಿಗೆ ಉಳುವವನು ಗಂಡಸು, ಒಡೆಯನೂ ಗಂಡಸು. ನೇಗಿಲು ಮುಟ್ಟಬಾರದೆಂದು ಸಮಾಜವೇ ತಡೆದಿದ್ದ ವಿಧವೆಯನ್ನು "ನೀನು ಉಳಲಿಲ್ಲ" ಎಂದು ಕಾನೂನು ಶಿಕ್ಷಿಸಿತು. ಇದು ನನಗೆ ಇವತ್ತು, ಈ ಹುಡುಗಿಯಿಂದ ಹೊಳೆಯಿತು.

ನಿವೃತ್ತ ಮೇಷ್ಟ್ರು (ಮೈಸೂರು)

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ವಿಷಯ ಅಂಥದ್ದು.

ಆ ಹುಡುಗಿ ಇನ್ನೂ ಕೇಳದ, ಆದರೆ ಕೇಳಬಹುದಾಗಿದ್ದ ಗಟ್ಟಿ ಪ್ರಶ್ನೆ ಒಂದಿದೆ. ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂ ನ್ಯಾಯಮಂಡಳಿಯಲ್ಲಿ ಉಪವಿಭಾಗಾಧಿಕಾರಿಯ ಜೊತೆ ಕೂರುತ್ತಿದ್ದ ಸದಸ್ಯರು ಸರ್ಕಾರ ನೇಮಿಸಿದವರು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಮೊದಲ ವರ್ಷಗಳಲ್ಲಿ ಮೇಲ್ಮನವಿಗೂ ಅವಕಾಶವಿರಲಿಲ್ಲ, ಹೈಕೋರ್ಟಿಗೆ ರಿಟ್ ಹಾಕುವುದೊಂದೇ ದಾರಿ. ತೀರ್ಥಹಳ್ಳಿಯ ವಿಧವೆಯೊಬ್ಬಳು ಅಂದು ಬೆಂಗಳೂರಿಗೆ ಹೋಗಿ ರಿಟ್ ಹಾಕುವುದು ಆಗುವ ಮಾತೇ? ಸರ್ಕಾರದ ಕೈಗೆ ಇಷ್ಟು ಅಧಿಕಾರ ಸೇರಬಾರದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಎದುರು ವಾದದಲ್ಲೂ ಹುರುಳಿದೆ. ಗೇಣಿ ನಡೆಯುತ್ತಿದ್ದದ್ದು ಬಹುಪಾಲು ಬಾಯಿಮಾತಿನಲ್ಲಿ, ಕಾಗದವೆಲ್ಲ ಒಡೆಯನ ಪೆಟ್ಟಿಗೆಯಲ್ಲಿ. ವಕೀಲರನ್ನು ಬಿಟ್ಟುಕೊಂಡಿದ್ದರೆ ಪುಣೆಯ ಸ್ನೇಹಿತರ ತಾತ ಮೊದಲ ವಿಚಾರಣೆಯಲ್ಲೇ ಸೋಲುತ್ತಿದ್ದರು.

ಇನ್ನು ಅವಳ ಒಲವಿನ ಮಾತು, ಹಳೆಯದನ್ನು ಸುಲಭವಾಗಿ ಬಿಡದ ಕನ್ಸರ್ವೇಟಿವ್ ಪಂಥ. ಮೊಬೈಲಿನಲ್ಲಿ ಕೂಗುವವರಷ್ಟೇ ಆ ಪಂಥದವರಲ್ಲ. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಆ ವರ್ಷದ ಆರಂಭದಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಒಪ್ಪಿದ ಸಾಮೂಹಿಕ ಸಹಕಾರಿ ಬೇಸಾಯದ ನಿರ್ಣಯವನ್ನು ಅವರು ವಿರೋಧಿಸಿದ್ದರು. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು. ಆದರೆ ಅದೇ ರಾಜಾಜಿ, ಬ್ರಾಹ್ಮಣರಾಗಿ, ಮಗಳು ಲಕ್ಷ್ಮಿಯನ್ನು ಗಾಂಧೀಜಿಯ ಮಗ ದೇವದಾಸರಿಗೆ ಕೊಟ್ಟರು. ಇಬ್ಬರೂ ತಂದೆಯರು ಐದು ವರ್ಷ ಕಾಯಲು ಹೇಳಿದರು. ಮಕ್ಕಳು ಕಾದರು, 1933ರಲ್ಲಿ ಮದುವೆಯಾಯಿತು. ಬದಲಾವಣೆ ಬೇಡವೆನ್ನದೆ, ಕಾದು ನೋಡಿ ಒಪ್ಪುವ ಈ ಗುಣವನ್ನೇ ನಾನು ಆ ಪಂಥದ ಒಳ್ಳೆಯ ಮುಖ ಎನ್ನುತ್ತೇನೆ. ಇಂಗ್ಲೆಂಡಿನ ಸಂಸದ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಬರೆದವನು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮಾಡಿದ ಅನ್ಯಾಯಕ್ಕಾಗಿ ಇಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಸಂಸತ್ತಿನಲ್ಲಿ ವರ್ಷಗಟ್ಟಲೆ ಮೊಕದ್ದಮೆ ನಡೆಸಿದವನೂ ಅವನೇ. ನಮ್ಮ ಡಿ.ವಿ.ಜಿ. ಹಳೆಯದನ್ನು ಗೌರವಿಸಿದವರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಸಾಮಾನ್ಯ ಪ್ರಜೆ ರಾಜಕೀಯ ಕಲಿಯಬೇಕೆಂದು ದುಡಿದವರೂ ಅವರೇ. ಇವರನ್ನು ಅವಳ ಕೈಗೆ ಕೊಡಿ. ಪ್ರತಿವಾದಿಯನ್ನು ಅವನ ಅತ್ಯುತ್ತಮ ರೂಪದಲ್ಲಿ ಭೇಟಿಯಾಗುವುದು ನಿಮ್ಮ ಭಾನುವಾರದ ಬಳಗಕ್ಕೂ ಒಳ್ಳೆಯದು.

ಕೊನೆಗೆ ಅವಳಿಗೊಂದು ಪ್ರಶ್ನೆ, ಪ್ರೀತಿಯಿಂದ. ಮುತ್ತಜ್ಜಿಯ ಗದ್ದೆ ಮನೆತನದಲ್ಲೇ ಉಳಿಯಬೇಕಿತ್ತು ಎನ್ನುವುದು ಒಂದು ನಿಲುವು. ಯಾರು ಬೇಕಾದರೂ ಕೊಳ್ಳಲಿ, ಮಾರಲಿ, ಸರ್ಕಾರ ತಡೆಯದಿರಲಿ ಎನ್ನುವುದು ಇನ್ನೊಂದು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು 2020ರಲ್ಲಿ ನಮ್ಮ ರಾಜ್ಯ ಕಾನೂನು ಬದಲಿಸಿತು. ಅವಳು ಅದನ್ನು ಒಪ್ಪುತ್ತಾಳೆಯೇ?

ಗೇಣಿದಾರನ ಮೊಮ್ಮಗ

ಮೇಷ್ಟ್ರೇ, ಆ ಪ್ರಶ್ನೆ ನನ್ನ ಮನೆಗೂ ತಾಗುತ್ತದೆ. ನಮ್ಮ ಊರಿನಲ್ಲಿ ಡಿಕ್ಲರೇಷನ್‌ನಲ್ಲಿ ಬಂದ ಗದ್ದೆಗಳಲ್ಲಿ ಎರಡು ಈಗ ಪಟ್ಟಣದವರ ಕೈಯಲ್ಲಿವೆ. ಒಂದನ್ನು ಮಾರಿದವರು ನನ್ನ ಚಿಕ್ಕಪ್ಪ. ಉಳುವವನೇ ಹೊಲದೊಡೆಯ ಎಂಬ ಮಾತಿನ ಬಲದಿಂದ ಬಂದ ನೆಲಕ್ಕೆ ಇವತ್ತು ತಂತಿಬೇಲಿ. ಯಾರೂ ಉಳುತ್ತಿಲ್ಲ. ಚಿಕ್ಕಪ್ಪನಿಗೆ ನಾನು ಏನೂ ಹೇಳಲಾರೆ, ಮಗಳ ಮದುವೆಯ ಸಾಲವಿತ್ತು.

ಲೆಕ್ಕಪತ್ರ (ಹುಬ್ಬಳ್ಳಿ)

ತುಂಗಾತೀರ ಅವರೇ, ಒಂದು ಮಾತು ಕೇಳಲೇಬೇಕು. ಇದನ್ನು ಇಲ್ಲಿ ಬರೆಯುವ ಮೊದಲು ಮಗಳಿಗೆ ತಿಳಿಸಿದ್ದೀರಾ? ನಿಮ್ಮ ಹೆಸರಿಲ್ಲದಿದ್ದರೂ ನಿಮ್ಮ ಬಳಗದವರು ಗುರುತು ಹಿಡಿದಿದ್ದಾರೆ. ಹದಿನೇಳರ ಹುಡುಗಿಯ ಪೂಜೆ, ಉಪವಾಸ, ಕಣ್ಣೀರು ಎಲ್ಲವೂ ಈಗ ಹತ್ತು ಜನರ ಬಾಯಲ್ಲಿದೆ.

ತುಂಗಾತೀರ (ಶಿವಮೊಗ್ಗ)

ತಿಳಿಸಿರಲಿಲ್ಲ. ನಿಮ್ಮ ಮಾತು ಓದಿ ಮುಖ ಬಿಸಿಯಾಯಿತು. ರಾತ್ರಿ ಅವಳ ಕೋಣೆಗೆ ಹೋಗಿ ಫೋನನ್ನು ಅವಳ ಕೈಗೆ ಕೊಟ್ಟು, ಬೇಡವೆಂದರೆ ಅಳಿಸುತ್ತೇನೆ ಎಂದೆ. ಅರ್ಧ ಗಂಟೆ ಓದಿದಳು. ನಾನು ಬಾಗಿಲ ಬಳಿ ನಿಂತೇ ಇದ್ದೆ.

ಅಳಿಸಬೇಡ ಎಂದಳು, ಆದರೆ ಕೆಲವನ್ನು ತಿದ್ದಲು ಹೇಳಿದಳು. ಅವಳ ಮಾತುಗಳಲ್ಲೇ ಬರೆಯುತ್ತಿದ್ದೇನೆ.

"ದೀಪ ಹಚ್ಚುವುದು ಅಮ್ಮನಿಗೆ ವಿರುದ್ಧವಾಗಿ ಅಲ್ಲ. ಅಜ್ಜಿ ಮಗಳ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಈ ಮನೆಯಲ್ಲಿ ದೇವರಿಗೆ ಜಾಗವಿಲ್ಲ ಎಂದು ತನ್ನ ದೀಪವನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಯಾರೂ ಬೇಡ ಎಂದಿರಲಿಲ್ಲ, ಹಚ್ಚು ಎಂದೂ ಹೇಳಿರಲಿಲ್ಲ. ನಾನು ಮೊದಲು ಹಚ್ಚಿದ್ದು ಅವರಿಗಾಗಿ, ಆಮೇಲೆ ನನಗಾಗಿ. 1956ರ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಬರೆದ ಅಕ್ಕನಿಗೆ ಹೊಡೆದದ್ದು ತಪ್ಪು, ಅದನ್ನು ಯಾವ ಸಂಪ್ರದಾಯವೂ ಸಮರ್ಥಿಸಲಾರದು. ಬಾಡಿಗೆ ಮನೆಯ ಹೋಲಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಗದ್ದೆ ಮಾಡಿದವರ ಶ್ರಮ ನನ್ನ ಲೆಕ್ಕದಲ್ಲಿ ಇರಲಿಲ್ಲ. ಆದರೆ ಮುತ್ತಜ್ಜಿಗೆ ಆದದ್ದು ನ್ಯಾಯ ಎಂದು ನಾನು ಈಗಲೂ ಒಪ್ಪುವುದಿಲ್ಲ. ಮೇಷ್ಟ್ರ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ಪರೀಕ್ಷೆ ಮುಗಿದ ಮೇಲೆ ಯೋಚಿಸುತ್ತೇನೆ. ಹುಬ್ಬಳ್ಳಿಯ ಮೇಡಂ ಅವರನ್ನು ಆರ್ಟಿಕಲ್‌ಶಿಪ್ ಬಗ್ಗೆ ಕೇಳಬಹುದೇ?"

ಪೆಟ್ಟಿಗೆಯ ಮಾತು ಓದಿ ನಾನು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಕುಳಿತೆ. ಹನ್ನೊಂದು ವರ್ಷ, ನನ್ನ ಸ್ವಂತ ತಾಯಿ. ಯಾರ ಮೇಲೂ ಏನನ್ನೂ ಹೇರದ ಮನೆ ನನ್ನದು ಎಂದುಕೊಂಡಿದ್ದೆ.

ಲೆಕ್ಕಪತ್ರ (ಹುಬ್ಬಳ್ಳಿ)

ಖಂಡಿತ ಕೇಳಲಿ. ಪರೀಕ್ಷೆ ಮುಗಿಯಲಿ, ನಾನೇ ಮಾತನಾಡುತ್ತೇನೆ.

ಕೊಡಚಾದ್ರಿ

ಮುಂದಿನ ಭಾನುವಾರ ಅವಳಿಗೆ ಇಷ್ಟವಿದ್ದರೆ ಅವಳೇ ವಿಷಯ ಮಂಡಿಸಲಿ. ನಾನು ಎದುರು ವಾದ ಸಿದ್ಧ ಮಾಡಿಕೊಂಡು ಬರುತ್ತೇನೆ. ಅವಳ ಚಿಕ್ಕ ವಯಸ್ಸು ನೋಡಿ ರಿಯಾಯಿತಿ ಕೊಡುವುದಿಲ್ಲ, ಅದು ಅವಳಿಗೆ ಅವಮಾನ. ಭೂಸುಧಾರಣೆ ಸರಿಯಾಗಿತ್ತು ಎಂಬ ನನ್ನ ನಂಬಿಕೆ ಕದಲಿಲ್ಲ.

ತುಂಗಾತೀರ (ಶಿವಮೊಗ್ಗ)

ಹೇಳಿದೆ. "ದಾಖಲೆ ಇಲ್ಲದೆ ಮಂಡಿಸುವುದಿಲ್ಲ" ಎಂದಳು. ನ್ಯಾಯಮಂಡಳಿಯ ಆದೇಶವನ್ನು ಕಣ್ಣಾರೆ ನೋಡಬೇಕಂತೆ, ಆ ಗದ್ದೆ ಪಡೆದವರ ಮನೆಯನ್ನೂ. ನನ್ನ ತಾಯಿಗೆ ಊರಿನ ಹೆಸರು, ಗೇಣಿ ಮಾಡುತ್ತಿದ್ದವರ ಹೆಸರು ನೆನಪಿದೆ, ಸರ್ವೆ ನಂಬರ್ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಏನೆಂದು ಕೇಳಬೇಕು, ಬಲ್ಲವರು ತಿಳಿಸಿ.

ಶಿರಸಿಯ ತೋಟಿಗ

ಅಕ್ಕಾ, ಮೊದಲು ಊರಿನ ಹಳೆಯ ಪಹಣಿಗಳನ್ನು ಕೇಳಿ, 1970ರ ಆಚೀಚೆಯ ವರ್ಷಗಳದ್ದು. ಅದರಲ್ಲಿ ಒಡೆಯರ ಕಾಲಂನಲ್ಲಿ ನಿಮ್ಮ ಅಜ್ಜಿಯ ಹೆಸರು, ಸಾಗುವಳಿದಾರರ ಕಾಲಂನಲ್ಲಿ ಗೇಣಿದಾರರ ಹೆಸರು ಸಿಕ್ಕರೆ ಸರ್ವೆ ನಂಬರ್ ಸಿಕ್ಕಂತೆಯೇ. ಆಮೇಲೆ ಮ್ಯುಟೇಶನ್ ನೋಡಿ, ಹಕ್ಕು ಬದಲಾದ ನಮೂದಿನಲ್ಲಿ ನ್ಯಾಯಮಂಡಳಿಯ ಪ್ರಕರಣ ಸಂಖ್ಯೆ, ದಿನಾಂಕ ಇರಬಹುದು. ಅದನ್ನು ಹಿಡಿದು ರೆಕಾರ್ಡ್ ಕೋಣೆಯಲ್ಲಿ ನಮೂನೆ 7 ಮತ್ತು ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಹಳೆಯ ಕಡತ, ಒಂದೇ ದಿನದಲ್ಲಿ ಸಿಗದಿದ್ದರೆ ಬೇಸರಿಸಬೇಡಿ. ತಾಯಿಯವರನ್ನೂ ಕರೆದುಕೊಂಡು ಹೋಗಿ.

ಗೇಣಿದಾರನ ಮೊಮ್ಮಗ

ಗದ್ದೆ ಪಡೆದವರ ಮನೆಗೆ ಹೋಗುವ ಮುನ್ನ ಒಂದು ಮಾತು ಹೇಳಿ ಕಳುಹಿಸಿ. ಹಳೆಯ ಒಡೆಯರ ಮನೆಯವರು ದಾಖಲೆ ಹಿಡಿದು ಬಾಗಿಲಿಗೆ ಬಂದರೆ ನಮ್ಮ ಕಡೆಯ ಹಿರಿಯರ ಎದೆ ಈಗಲೂ ಝಲ್ಲೆನ್ನುತ್ತದೆ. ಕೇಳಲು ಬಂದಿದ್ದೇವೆ, ಕೇಸು ಹಾಕಲು ಅಲ್ಲ ಎಂದು ನಿಮ್ಮ ಮಗಳೇ ಮೊದಲು ಹೇಳಲಿ. ಊಟದ ಹೊತ್ತಿಗೆ ಹೋದರೆ ಅವರು ಹಾಗೆಯೇ ಕಳುಹಿಸುವುದಿಲ್ಲ. ಏಕಾದಶಿಯ ದಿನ ಮಾತ್ರ ಹೋಗಬೇಡಿ.